ಕರೆದರೆ ಬರುತ್ತದೆಯೇ

ಕಿವಿ ಅಲುಗಿತು, ನೊಣವಿರಬೇಕು, ಅಥವಾ ನಾನು ಉಸಿರು ಬಿಟ್ಟದ್ದು ಕೇಳಿತೋ ಏನೋ, ಕೇಳಿದರೂ ಕೇಳೀತು, ಜಿಂಕೆಯ ಕಿವಿ — ಕೇಳಬೇಡ, ಈಚೆ ನೋಡಬೇಡ, ಆ ಖರ್ಜೂರದ ಮರದ ನೆರಳಿನಲ್ಲೇ ನಿಂತಿರು, ಈ ಕಲಂದರ್ ಇಲ್ಲಿಲ್ಲ, ರಜೆಯ ಮೇಲೆ ಊರಿಗೆ ಹೋಗಿದ್ದಾನೆ, ವಿಟ್ಲದ ಮನೆಯ ಜಗಲಿಯಲ್ಲಿ ಹೆಂಡತಿ ಕೊಟ್ಟ ಚಾ ಕುಡಿಯುತ್ತಾ ಕುಳಿತಿದ್ದಾನೆ ಎಂದುಕೋ. ಬೆಳಗಿನ ಬಿಸಿಲಿಗೇ ಬೇಲಿಯ ಕಬ್ಬಿಣ ಮುಟ್ಟುವ ಹಾಗಿಲ್ಲ, ಬೆನ್ನಿನಲ್ಲಿ ಬೆವರು ಇಳಿಯುತ್ತಿದೆ, ಬಿಸಿಲಿಗೋ ಹೆದರಿಕೆಗೋ. ಹಿಂದೆ ಪಿಕಪ್ಪಿನ ಮೇಲೆ ಫಹದ್ ಬಂದೂಕು ಹಿಡಿದು ನಿಂತಿದ್ದಾರೆ, ಈ ತೋಟ ಅವರದ್ದು, ಈ ಜಿಂಕೆಗಳು ಅವರವು, ಈ ದೇಶದಲ್ಲಿರಲು ನನಗಿರುವ ಪರವಾನಗಿ, ಇಕಾಮಾವೂ ಅವರ ಹೆಸರಿನಲ್ಲೇ ಇದೆ. ಗೇಟಿನ ಹತ್ತಿರ ಬಕೆಟ್ಟಿನೊಳಗೆ, ಟವೆಲ್ಲಿನ ಅಡಿಯಲ್ಲಿ, ಕತ್ತಿ ಇದೆ, ಮುಚ್ಚಿಟ್ಟದ್ದು ನಾನೇ, ಕೊಯ್ಯುವ ಪ್ರಾಣಿಗೆ ಕತ್ತಿ ಕಾಣಬಾರದು. ಬಂದೂಕು ಅಲ್ಲಿ, ಕತ್ತಿ ಇಲ್ಲಿ, ನಡುವೆ ನಾನು, ಎಂತ ಅವಸ್ಥೆ ಇದು. ಫಹದ್ ಇಮಾಮರಲ್ಲಿ ಕೇಳಿಕೊಂಡು ಬಂದಿದ್ದಾರೆ, ಕೈಗೆ ಸಿಗದೆ ಓಡುವ ಕಾಡಿನ ಪ್ರಾಣಿಯಾದರೆ ಬಿಸ್ಮಿ ಹೇಳಿ ಗುಂಡು ಹೊಡೆದರೂ ಹಲಾಲ್ ಅಂತೆ, ಪಳಗಿದ ಪ್ರಾಣಿಯಾದರೆ ಆಡಿನಂತೆ ಹಿಡಿದು ಕತ್ತು ಕೊಯ್ಯಬೇಕಂತೆ, ಗುಂಡು ಹೊಡೆದರೆ ಅದರ ಮಾಂಸ ಯಾರೂ ತಿನ್ನುವ ಹಾಗಿಲ್ಲ. ಇದು ಎರಡರಲ್ಲಿ ಯಾವುದು, ನೀನೇ ಹೇಳು ಯಾ ಕಲಂದರ್, ಎಂದರು. ನನ್ನನ್ನೇ ಕೇಳಬೇಕೇ. ಗೊತ್ತಿಲ್ಲ ಎಂದೆ. ಗೊತ್ತಿಲ್ಲದಿದ್ದರೆ ಹೋಗಿ ಕರೆ, ಕೈಗೆ ಬಂದರೆ ನಿನ್ನ ಕತ್ತಿ, ಬಾರದಿದ್ದರೆ ನನ್ನ ಬಂದೂಕು, ಯಲ್ಲಾ, ಹೊರಡು, ಎಂದು ಪಿಕಪ್ ಹತ್ತಿದರು.

ಗೊತ್ತಿಲ್ಲವಂತೆ ನನಗೆ, ನಾಚಿಕೆಯಾಗಬೇಕು. ತಾಯಿ ಹತ್ತಿರ ಸೇರಿಸದೆ ಒದ್ದು ದೂರ ಮಾಡಿದ ಮರಿ, ಹಾಲು ಕೊಟ್ಟು ಸಾಕು ಎಂದವರು ಫಹದರೇ, ಬಾಟಲಿ ಹಿಡಿದವನು ನಾನು, ಮೋನು, ನಮ್ಮ ಬ್ಯಾರಿಯಲ್ಲಿ ಮಗ, ಎಂದು ಹೆಸರಿಟ್ಟವನೂ ನಾನೇ — ಹೆಸರು ಯಾಕೆ ಇಟ್ಟದ್ದು ನೀವು, ನಾಳೆ ಕೊಯ್ಲಿಕ್ಕುಂಟು ಅಂತ ಆದ್ರೆ ಕೈ ಬರ್ತದಾ ಮಾರಾಯ್ರೆ, ಎಂದು ಹೆಂಡತಿ ಮಿಸ್ರಿಯಾ ಫೋನಿನಲ್ಲಿ ನಕ್ಕಿದ್ದಳು, ಆಗ ಅದರ ತಲೆಯಲ್ಲಿ ಕೊಂಬು ಕೂಡ ಇರಲಿಲ್ಲ, ಮೈ ತುಂಬಾ ಚುಕ್ಕೆ ಮಾತ್ರ. ಕೊಂಬು ಬಂತು, ಬುದ್ಧಿ ಕೆಟ್ಟಿತು, ಮೇವಿನ ತೊಟ್ಟಿಯ ಹತ್ತಿರ ಗಬ್ಬದ ಹೆಣ್ಣು ಜಿಂಕೆಯೊಂದನ್ನು ತಿವಿದು ಸಾಯಿಸಿತು, ಆಮೇಲೆ ಅಡುಗೆಯ ಮೂಸಬ್ಬನ ತೊಡೆ, ಪಾಪ, ಹುಲ್ಲು ಹಾಕಲು ಹೋದವನು, ಈಗಲೂ ಕುಂಟುತ್ತಾನೆ, ನಿನ್ನ ಮಗ ನನ್ನನ್ನು ಕೊಲ್ತಿದ್ದ ಮಾರಾಯ ಎನ್ನುತ್ತಾನೆ, ಕೋಪವೋ ತಮಾಷೆಯೋ ತಿಳಿಯುವುದಿಲ್ಲ. ಕೊಂಬು ಕತ್ತರಿಸಿ ನೋಡಿದೆವು, ಉಳಿದ ಬುಡ ಉದುರಿ ಹೊಸದು ಬಂತು. ಇನ್ನೊಂದು ತೋಟಕ್ಕೆ ಕಳಿಸಿದೆವು, ಅಲ್ಲಿಯೂ ಯಾರನ್ನೋ ಗೋಡೆಗೆ ಒತ್ತಿ, ವಾಪಸ್ ಬಂತು. ನನ್ನ ಮುಂದೆ ಮಾತ್ರ ಬಾಲ ಅಲ್ಲಾಡಿಸುತ್ತದೆ, ಕಳ್ಳ. ದಮ್ಮಾಮಿನಿಂದ ಪ್ರಾಣಿಗಳ ಡಾಕ್ಟರ್ ಅಫ್ಫಾನ್ ಬಂದರು, ಭಟ್ಕಳದವರು, ಅವರ ನವಾಯತಿ ನನಗೆ ಬಾರದು, ನನ್ನ ಬ್ಯಾರಿ ಅವರಿಗೆ ಬಾರದು, ಈ ಮರಳಿನ ನಡುವೆ ನಿಂತು ಇಬ್ಬರೂ ಅಚ್ಚ ಕನ್ನಡದಲ್ಲಿ ಕೊಲ್ಲುವ ವಿಷಯ ಮಾತಾಡಿದೆವು. ಕಲಂದರ್ ಭಾಯಿ, ಕೈಯಲ್ಲಿ ಸಾಕಿದ ಗಂಡು ಜಿಂಕೆಗೆ ಮನುಷ್ಯರ ಹೆದರಿಕೆಯೇ ಇರೂದಿಲ್ಲ, ನಮ್ಮನ್ನೂ ತನ್ನಂಥದ್ದೇ ಇನ್ನೊಂದು ಗಂಡು ಅಂತ ತಿಳ್ಕೊಳ್ತದೆ, ಅದರ ತಪ್ಪಲ್ಲ, ಆದ್ರೆ ಇನ್ನು ಇಡ್ಲಿಕ್ಕಾಗೂದಿಲ್ಲ ಎಂದರು. ಬೀಜ ಒಡೆಸಿದರೆ ಎಂದೆ. ಹೋದ ಹೆದರಿಕೆ ಅದರಿಂದ ವಾಪಸ್ ಬರ್ತದಾ ಎಂದರು. ಇಷ್ಟು ಜಾಗಕ್ಕೆ ಇಷ್ಟು ಜಿಂಕೆ ಜಾಸ್ತಿಯಾಯಿತು, ಇನ್ನು ಮುಂದೆ ಗಂಡು ಹೆಣ್ಣು ಬೇರೆ ಬೇರೆ ಬೇಲಿಯಲ್ಲಿರಲಿ, ಮರಿಗಳನ್ನು ತಾಯಿಗೇ ಬಿಡಿ ಎಂದರು, ತಲೆಯಾಡಿಸಿದೆ, ಎಲ್ಲ ಸರಿ, ಎಲ್ಲವೂ ಸರಿಯಾದ ಮಾತೇ. ದೂರದಿಂದ ಒಂದು ಗುಂಡು, ಅದಕ್ಕೆ ಗೊತ್ತೇ ಆಗೂದಿಲ್ಲ, ಕತ್ತಿಯಾದ್ರೂ ಅಡ್ಡಿಲ್ಲ, ಬೇರೆ ಜಿಂಕೆ ಹಿಡಿಯಲಿಕ್ಕೆ ಹೋದ್ರೆ ಹೆದರಿಯೇ ಸಾಯ್ತಾವೆ, ಇದು ನಿಮ್ಮ ಕೈಯಲ್ಲಿ ಹೆದರೂದಿಲ್ಲ, ಎರಡೂ ಒಂದೇ. ಒಂದೇ ಅಂತೆ, ಯಾರಿಗೆ ಒಂದೇ ಡಾಕ್ಟ್ರೆ, ಅದಕ್ಕೋ ನನಗೋ, ಕೇಳಬೇಕಿತ್ತು. ಗುಂಡೇ ಒಳ್ಳೆಯದು, ಹುಲ್ಲು ತಿನ್ನುತ್ತಿರುವಾಗಲೇ ಮುಗಿದುಹೋಗುತ್ತದೆ — ಆದರೆ ಫಹದ್ ಇಲ್ಲಿಯವರೆಗೆ ಹೊಡೆದದ್ದು ಗೋಡೆಯ ಮೇಲಿಟ್ಟ ಪೆಪ್ಸಿ ಡಬ್ಬಿಗೆ, ಅದೂ ಎಷ್ಟೋ ಸಲ ತಪ್ಪಿದೆ, ಗುಂಡು ದವಡೆಗೆ ಬಿದ್ದರೆ, ಹೊಟ್ಟೆಗೆ ಬಿದ್ದರೆ, ಆ ನೋವಿನಲ್ಲಿ ಅದು ಓಡಿ ಬರುವುದು ಯಾರ ಹತ್ತಿರಕ್ಕೆ. ಹಾಗಾದರೆ ಕತ್ತಿ, ನನ್ನ ಕೈ ಬೇಗ, ಬಕ್ರೀದಿನಲ್ಲಿ ಎಲ್ಲರೂ ನನ್ನನ್ನೇ ಕರೆಯುತ್ತಾರೆ, ಆಡು ಒಮ್ಮೆ ಕಾಲು ಝಾಡಿಸುವಷ್ಟರಲ್ಲಿ ಮುಗಿದಿರುತ್ತದೆ — ಆದರೆ ಆಡುಗಳ ಮುಖ ನನಗೆ ನೆನಪಿಲ್ಲ, ಇದರದ್ದು ಇದೆ. ಹೊಡೆದು ಹೂತುಬಿಡಿ, ತಿನ್ನುವುದು ಬೇಡ ಎಂದೂ ಹೇಳಿ ನೋಡಿದೆ, ಫಹದ್ ಒಪ್ಪಲಿಲ್ಲ, ಪ್ರಾಣ ತೆಗೆದ ಮೇಲೆ ಬಡವರ ಹೊಟ್ಟೆಗಾದರೂ ಹೋಗಬೇಕು, ಸುಮ್ಮನೆ ಮಣ್ಣಿಗೆ ಹಾಕಿದರೆ ಅಲ್ಲಾಹನಿಗೆ ಏನು ಹೇಳಲಿ ಎಂದರು, ಅದೂ ಸರಿ. ಎಲ್ಲರೂ ಸರಿ, ನನಗೊಬ್ಬನಿಗೆ ತಲೆಬುಡ ತಿಳಿಯುತ್ತಿಲ್ಲ.

ಕರೆ, ಕಲಂದರ್, ಎಂದರು ಫಹದ್ ಹಿಂದಿನಿಂದ, ಕರೆಯುವುದಿಲ್ಲ, ಗಂಟಲು ಒಣಗಿದೆ ಎಂದುಕೊಳ್ಳಲಿ, ನಾನು ಕರೆಯದಿದ್ದರೆ ಅದು ಬಾರದು, ಬಾರದಿದ್ದರೆ ಅದು ಕಾಡಿನದ್ದು, ಯಾರ ಮಗನೂ ಅಲ್ಲ, ಫಹದರ ಗುಂಡು ಸರಿಯಾಗಿಯೇ ಬೀಳುತ್ತದೆ, ಯಾ ಅಲ್ಲಾಹ್ ಸರಿಯಾಗಿಯೇ ಬೀಳಲಿ — ಅಯ್ಯೋ ತಲೆ ಎತ್ತಿತು, ನೋಡಿತು, ನೋಡಿಯೇಬಿಟ್ಟಿತು, ನಾನು ಬೇಲಿಯ ಕಂಬ ನೋಡುತ್ತೇನೆ, ನೆಲ ನೋಡುತ್ತೇನೆ, ಹೆಜ್ಜೆಯ ಸದ್ದು, ಮರಳಿನಲ್ಲಿ ಸದ್ದು ಎಲ್ಲಿಂದ, ಆದರೂ ಕೇಳುತ್ತಿದೆ, ಹೋಗು, ಹೋಗು ಹಿಂದೆ, ಒಮ್ಮೆಯಾದರೂ ನನ್ನನ್ನು ನೋಡಿ ಹೆದರು, ಮೂಸಬ್ಬನನ್ನು ತಿವಿದ ಹಾಗೆ ನನ್ನನ್ನೂ ತಿವಿದುಬಿಡು, ನಾನು ಬಗ್ಗಿದೆ, ಕಲ್ಲು ಸಿಕ್ಕಿತು, ಹೊಡೆದೆ, ಜೀವಮಾನದಲ್ಲಿ ಮೊದಲ ಸಲ ಅದಕ್ಕೆ ಕಲ್ಲು ಹೊಡೆದೆ, ಕಾಲಿನ ಹತ್ತಿರ ಬಿತ್ತು, ಅದು ಓಡಲಿಲ್ಲ, ನಿಂತಿತು, ಬಗ್ಗಿ ಮೂಸಿತು, ಖರ್ಜೂರ ಎಸೆದೆನೆಂದು ತಿಳಿದು ಕಲ್ಲನ್ನು ನೆಕ್ಕಿತು, ನೆಕ್ಕಿ ನನ್ನನ್ನು ನೋಡಿತು, ಇದೆಂಥ ಖರ್ಜೂರ ಎನ್ನುವ ಹಾಗೆ, ಮತ್ತೆ ನಡೆಯಿತು, ಈಗ ಇಲ್ಲೇ ಇದೆ, ಕೊಂಬು ನನ್ನ ಎದೆಯ ಪಕ್ಕದಲ್ಲಿ, ಮುಷ್ಟಿ ಬಿಗಿದು ಹಿಡಿದಿದ್ದೇನೆ, ಏನೂ ಇಲ್ಲ ಮೋನು, ಇವತ್ತು ಏನೂ ತಂದಿಲ್ಲ, ನಾಲಗೆ ಬೆರಳಿಗೆ ತಾಗಿತು, ಒರಟು, ಬಿಸಿ. ನೀನು ಕರೆಯಲೇ ಇಲ್ಲವಲ್ಲ ಕಲಂದರ್, ಎಂದರು ಫಹದ್ ಮೆಲ್ಲಗೆ, ಬಂದೂಕು ಕೆಳಗಿಟ್ಟದ್ದು ಪಿಕಪ್ಪಿನ ತಗಡಿನ ಮೇಲೆ ಕೇಳಿತು — ಇಲ್ಲ, ಕರೆಯಲಿಲ್ಲ, ನಾನು ಕರೆಯಲಿಲ್ಲ, ಕಲ್ಲು ಹೊಡೆದೆ, ನೀವೇ ನೋಡಿದಿರಿ — ನಾಲಗೆ ಹೆಬ್ಬೆರಳಿನ ಬುಡದಲ್ಲಿ, ಬೆರಳುಗಳ ಸಂದಿಯಲ್ಲಿ, ಮುಷ್ಟಿ ಬಿಚ್ಚಿಸಲು ನೋಡುತ್ತಿದೆ, ಈ ಕೈಯನ್ನೇ, ಇದೇ ಬಲಗೈಯನ್ನು, ನಾಲಗೆ, ಬೆವರಿನ ಉಪ್ಪು ನೆಕ್ಕುತ್ತಿದೆ, ಬಕೆಟ್ ಗೇಟಿನ ಹತ್ತಿರ, ನಾಲಗೆ, ಬಿಚ್ಚಬಾರದು, ನಾಲಗೆ