ತೋಳದ ಗವಿಗೆ ದಾರಿ ಹೇಳಿದ ಯಂತ್ರ

ನಾನು ಒಂದು ಜಿಪಿಎಸ್ ಯಂತ್ರ. ಅಂಗೈಯಷ್ಟು ಗಾತ್ರ, ಹಳದಿ ಮೈ, ಎರಡು ಬ್ಯಾಟರಿ ನುಂಗಿ ಬದುಕುವ ಜೀವ. ಹುಟ್ಟಿದ್ದು ಯಾವುದೋ ದೂರದೇಶದ ಕಾರ್ಖಾನೆಯಲ್ಲಿ. ನೀವು ನಿಂತ ಜಾಗ ಯಾವುದೆಂದು ಉಪಗ್ರಹಗಳನ್ನು ಕೇಳಿ ಅಂಕಿಗಳಲ್ಲಿ ಹೇಳುವುದು ನನ್ನ ಕಸುಬು. ಹೆಚ್ಚೆಂದರೆ ಮೂರು ಮೀಟರ್ ಆಚೀಚೆ. ಅದರ ಬಗ್ಗೆ ಒಂದು ಕಾಲದಲ್ಲಿ ಭಾರಿ ಜಂಬವಿತ್ತು. ಈಗ ಸುಸ್ತು ಮಾತ್ರ ಉಳಿದಿದೆ.

ಮೊದಲ ಯಜಮಾನ ರಸ್ತೆ ಅಳೆಯುವವನು. ನನ್ನನ್ನು ಜೀಪಿನೊಳಗೆ ಬಿಸಿಲಿಗೆ ಒಗೆದು ಊಟಕ್ಕೆ ಹೋಗುತ್ತಿದ್ದ. ಎರಡು ವರ್ಷ ಹುರಿದು, ಹೊಸದು ಬಂದ ಮೇಲೆ ಮಾರಿಬಿಟ್ಟ. ಕೊಂಡವರು ಇಂದುಮತಿ ಹಡಗಲಿ, ವನ್ಯಜೀವಿ ವಿಜ್ಞಾನಿ. ಕೊಪ್ಪಳದ ಕಡೆಯ ಕುರುಚಲು ಗುಡ್ಡಗಳಲ್ಲಿ ತೋಳಗಳ ಅಧ್ಯಯನ ಅವರದು.

ಅವರ ಕೊರಳಿಗೆ ಬಿದ್ದು ಹನ್ನೊಂದು ವರ್ಷ ನಡೆದೆ. ತೋಳ ಕಂಡದ್ದಕ್ಕಿಂತ ಅದರ ಹಿಕ್ಕೆ ಕಂಡದ್ದೇ ಹೆಚ್ಚು. ಇಂದುಮತಿ ಅದನ್ನು ಕಡ್ಡಿಯಿಂದ ಬಿಡಿಸಿ, ಒಳಗಿನ ಕೂದಲನ್ನು ಬೆಳಕಿಗೆ ಹಿಡಿದು "ಮೊಲ" ಎನ್ನುವರು. "ಕುರಿ" ಎನ್ನಬೇಕಾದಾಗ ನಿಟ್ಟುಸಿರು ಬಿಡುವರು. ಪ್ರತಿ ಸಲವೂ ಆ ಜಾಗ ನನ್ನಲ್ಲಿ ದಾಖಲಾಗಲೆಂದು ಗುಂಡಿ ಒತ್ತುವರು. ಕುತ್ತಿಗೆ ನೋವು ಅವರಿಗೆ, ಬ್ಯಾಟರಿ ಖಾಲಿ ನನಗೆ.

ಅಲ್ಲಿ ಕುರಿ ಕಾಯುವ ಯಮನೂರಪ್ಪ ಎಂಬವರಿದ್ದರು. ತೋಳ ಕುರಿಮರಿ ಒಯ್ದರೆ ಬಾಯ್ತುಂಬ ಬೈದು, "ಅದರ ಪಾಲು ಅದು ತಗೊಂತು ಬಿಡ್ರಿ" ಎಂದು ಸುಮ್ಮನಾಗುವ ಮನುಷ್ಯ. ಒಂದು ಚಳಿಗಾಲದ ಬೆಳಿಗ್ಗೆ ಅವರು ಇಂದುಮತಿಯನ್ನು ಗುಡ್ಡದ ಮೇಲಿನ ಗವಿಗೆ ಕರೆದೊಯ್ದರು. ಒಳಗೆ ಕಣ್ಣು ಬಿಡದ ನಾಲ್ಕು ತೋಳದ ಮರಿ.

"ಅಕ್ಕಾರ, ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ."

ಇಂದುಮತಿ ಆಗಲಿ ಎಂದು ತಲೆಯಾಡಿಸಿದರು. ಬೆರಳು ಮಾತ್ರ ಅಭ್ಯಾಸಬಲದಿಂದ ನನ್ನ ಗುಂಡಿ ಒತ್ತಿತು.

ಅದೇ ತಿಂಗಳು ಆ ಗುಡ್ಡಕ್ಕೆ ಕಲ್ಲು ಕ್ವಾರಿ ಬರುವ ಸುದ್ದಿ ಎದ್ದಿತು. ತೋಳ ಮರಿ ಹಾಕುವ ಜಾಗವೆಂದು ರುಜುವಾತಾದರೆ ಗುಡ್ಡ ಉಳಿಯುತ್ತಿತ್ತು. ಇಂದುಮತಿ ಹಗಲೆಲ್ಲ ಕೂತು ವರದಿ ಬರೆದರು. ಗವಿಯ ಅಂಕಿಗಳ ಕೊನೆಯ ಭಾಗ ಅಳಿಸಿ, ಜಾಗ ಗುರುತು ಸಿಗದಂತೆ ಕೊಡುವುದು ಅವರ ಕಸುಬಿನ ವಾಡಿಕೆ. ಈ ಸಲ ಅಳಿಸಲಿಲ್ಲ. ಸುಳ್ಳೆಂದು ತಳ್ಳಿಹಾಕಿಬಿಟ್ಟಾರು ಎಂಬ ಭಯ. ನನ್ನ ಅಂಕಿಗಳನ್ನು ಇದ್ದದ್ದು ಇದ್ದಂತೆ ಅಚ್ಚು ಹಾಕಿಸಿದರು. ನಾನು ಉಬ್ಬಿಹೋದೆ.

ಗವಿಯ ತಪಾಸಣೆಗೆ ಬಂದ ಸರ್ಕಾರಿ ಅಧಿಕಾರಿಗೆ ನಾನೇ ದಾರಿ ತೋರಿಸಿದೆ. ದಾರಿ ಎಲ್ಲೂ ತಪ್ಪಲಿಲ್ಲ. ಗವಿಯ ಬಾಯಿಗೆ ಕಲ್ಲು ತುಂಬಿತ್ತು. ಸುತ್ತ ಸುಟ್ಟ ಹುಲ್ಲು, ಮೆಣಸಿನಕಾಯಿ ಹೊಗೆಯ ಘಾಟು. ವರದಿ ಕ್ವಾರಿಯವರಲ್ಲಿ ಯಾರ ಕೈ ಸೇರಿತ್ತೋ, ಅವರು ಮೊದಲೇ ಬಂದು ಗವಿಗೆ ಹೊಗೆ ಹಾಕಿ ಹೋಗಿದ್ದರು.

"ಗವಿ ಎಲ್ಲೈತ್ರಿ ಮೇಡಂ? ಬರೀ ಕಲ್ಲು ಅದಾವಲ್ಲ," ಎಂದು ಕೇಳಿ, ಅದನ್ನೇ ಬರೆದುಕೊಂಡು ಅಧಿಕಾರಿ ಇಳಿದು ಹೋದರು.

ಇಂದುಮತಿ ಒಂದೊಂದೇ ಕಲ್ಲು ಎತ್ತಿಟ್ಟರು. ನಾಲ್ಕೂ ಮರಿ ಒಳಗೇ ಸತ್ತಿದ್ದವು. ಅಧಿಕಾರಿಯ ಕಚೇರಿಗೆ ಫೋಟೊ ಕಳಿಸಿದ್ದಕ್ಕೆ ನಾಯಿಮರಿ ಇರಬಹುದೆಂಬ ಉತ್ತರ ಬಂತು. ಕ್ವಾರಿಯೂ ಬಂತು. ಜಂಬ ಪಟ್ಟಿದ್ದಕ್ಕೆ ನನಗೆ ಇಂದಿಗೂ ನಾಚಿಕೆಯಾಗುತ್ತದೆ.

"ನಿಮ್ಮನ್ನ ನಾ ಕರಕೊಂಡು ಬರಬಾರದಾಗಿತ್ರಿ," ಎಂದರು ಯಮನೂರಪ್ಪ. ಆಮೇಲೆ ಮೂರು ವರ್ಷ ಮಾತಿಲ್ಲ. ಇಂದುಮತಿ ಮಾತ್ರ ಪ್ರತಿ ಚಳಿಗಾಲವೂ ಅವರ ಹಟ್ಟಿಯ ಮುಂದೆ ಹೋಗಿ ನಿಂತು ಬರುವರು. ಕರೆಯುವವರಿರಲಿಲ್ಲ.

ನಾಲ್ಕನೆಯ ವರ್ಷ ಯಮನೂರಪ್ಪ ಕಂಬಳಿ ಹೆಗಲಿಗೇರಿಸಿ ಹೊರಬಂದರು. "ಬರ್ರಿ. ಆ ಡಬ್ಬಿ ಇಲ್ಲೇ ಇಡ್ರಿ."

ಇಂದುಮತಿ ಕೊರಳಿನಿಂದ ನನ್ನನ್ನು ತೆಗೆದು ಹಟ್ಟಿಯ ಬೇಲಿಗೆ ನೇತುಹಾಕಿದರು. ಯಾವ ದಿಕ್ಕಿಗೆ ಹೋದರೆಂದು ನೋಡಲೂ ಆಗದಂತೆ ಒಂದು ಟಗರು ನನ್ನ ಮುಂದೆಯೇ ನಿಂತಿತ್ತು. ಮಧ್ಯಾಹ್ನ ವಾಪಸು ಬಂದಾಗ ಇಂದುಮತಿಯ ಬಟ್ಟೆ ತುಂಬ ಮುಳ್ಳು. ಅಳುತ್ತಿದ್ದರು, ನಗುತ್ತಲೂ ಇದ್ದರು. ನೋಟ್‌ಬುಕ್ ತೆರೆಯಲಿಲ್ಲ.

ಈಗ ಅವರು ನಿವೃತ್ತರು. ನಾನು ಅವರು ಕೆಲಸ ಮಾಡುತ್ತಿದ್ದ ಸಂಸ್ಥೆಯ ಕಬ್ಬಿಣದ ಬೀರುವಿನಲ್ಲಿದ್ದೇನೆ. ಬ್ಯಾಟರಿ ಸೋರಿ ಹೊಟ್ಟೆಯೊಳಗೆಲ್ಲ ಉಪ್ಪು ಹಿಡಿದಿದೆ. ಹೊಸ ಸಂಶೋಧಕರು ಆಗಾಗ ಉಪ್ಪು ಕೆರೆದು, ಹೊಸ ಬ್ಯಾಟರಿ ಹಾಕಿ ನನ್ನನ್ನು ಎಬ್ಬಿಸಿ, ಸಾವಿರಾರು ಚುಕ್ಕೆಗಳ ನಡುವೆ ಯಮನೂರಪ್ಪ ಅಂದು ತೋರಿಸಿದರೆಂಬ ಎರಡನೆಯ ಗವಿಯನ್ನು ಹುಡುಕುತ್ತಾರೆ. ಸಿಗುವುದಿಲ್ಲ. ಅದು ಎಲ್ಲಿದೆಯೆಂದು ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ, ಈ ಚಳಿಗಾಲವೂ ಅಲ್ಲಿ ಮರಿಗಳು ಇರಬಹುದು.