ಗುರುವಾರದ ಏಡಕ್ಕ

ಮುಳ್ಳಪ್ಪ ಬಿಸ್ಕೆಟ್ ಹಂಚಿದ ಗುರುವಾರ ನಮ್ಮ ಸ್ಟೋರಿನಲ್ಲಿ ಯಾರೂ ನಗಲಿಲ್ಲ.

ಮುಳ್ಳಪ್ಪ ಎಂದರೆ ‘ಗಿಲಕಿ’ ವಾರಪತ್ರಿಕೆಯ ಕಡೆಯ ಎರಡು ಪುಟಗಳಲ್ಲಿ ಬರುತ್ತಿದ್ದ ಚಿತ್ರಕಥೆಯ ಮುಳ್ಳುಹಂದಿ. ಕಾಡಿನಲ್ಲಿ ಯಾರಿಗೆ ಜಗಳವಾದರೂ ಬಿಡಿಸಲು ಹೋಗಿ, ಇಬ್ಬರಿಗೂ ಮುಳ್ಳು ಚುಚ್ಚಿ, ಒಂದು ಜಗಳವನ್ನು ಮೂರು ಮಾಡಿ ಬರುವವನು. ಹನ್ನೊಂದು ವರ್ಷದಿಂದ ಅದೇ ಅವನ ಕೆಲಸ. ಮಕ್ಕಳ ಕಂಪಾಸ್ ಬಾಕ್ಸಿನ ಮುಚ್ಚಳದ ಮೇಲೆ ಅವನೇ, ಯಸಳೂರಿನ ಗುಂಡಯ್ಯನ ಅಂಗಡಿಯ ಕ್ಯಾಲೆಂಡರಿನಲ್ಲೂ ಅವನೇ. ಎರಡು ಸಾವಿರದ ಒಂದನೇ ಇಸವಿಯಲ್ಲಿ ಪತ್ರಿಕೆಯನ್ನು ಮುಳ್ಳಪ್ಪನ ಸಮೇತ ಯಾವುದೋ ಬಿಸ್ಕೆಟ್ ಕಂಪನಿಯವರು ಕೊಂಡುಕೊಂಡರು. ಮುಂದಿನ ವಾರವೇ ಮುಳ್ಳಪ್ಪನ ಹೊಟ್ಟೆ ಕರಗಿ ಕಣ್ಣಿಗೆ ಕಪ್ಪು ಕನ್ನಡಕ ಬಂತು, ಕೈಯಲ್ಲೊಂದು ಬಿಸ್ಕೆಟ್ ಪೊಟ್ಟಣ. ಜಗಳ ಆಡುವವರಿಗೆ ಒಂದೊಂದು ಬಿಸ್ಕೆಟ್ ಕೊಟ್ಟ. ಜಗಳ ನಿಂತೇ ಹೋಯಿತು!

“ಇದೇನವ್ವ, ಚುಚ್ಚಲೇ ಇಲ್ಲ?” ಎಂದಳು ಚೌಡಮ್ಮ.

ನಾವು ಒಂಬತ್ತು ಜನ ಹೆಂಗಸರು ಎಸ್ಟೇಟಿನ ಸ್ಟೋರಿನಲ್ಲಿ ಮೊರ ಇಟ್ಟುಕೊಂಡು ಕಾಫಿ ಬೀಜ ಆರಿಸುತ್ತಿದ್ದೆವು. ಕರಿ ಬೀಜ, ಒಡಕು ಬೀಜ, ಕಲ್ಲು ತೆಗೆಯುವ ಕೆಲಸ. ಗುರುವಾರದ ಬಸ್ಸಿನಲ್ಲಿ ಗಿಲಕಿ ಬರುತ್ತಿತ್ತು. ಹನ್ನೊಂದು ಗಂಟೆಗೆ ಟೀ ಕುಡಿಯುವಾಗ ನಾನು ಮುಳ್ಳಪ್ಪನನ್ನು ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಬೇಕು. ಒಂದು ಪುಟ ಮುಗಿದ ಮೇಲೆ ಪತ್ರಿಕೆ ತಿರುಗಿಸಿ ಎಲ್ಲರಿಗೂ ಚಿತ್ರ ತೋರಿಸುತ್ತಿದ್ದೆ. ಧೂಳಿನ ಕೈಯಲ್ಲಿ ಯಾರೂ ಮುಟ್ಟುವಂತಿರಲಿಲ್ಲ. ಇದು ನಾನು ಮಾಡಿದ ಕಾನೂನು.

ಅವತ್ತು ಚಿತ್ರ ತೋರಿಸಿದ ಕೂಡಲೇ ಚಿಕ್ಕವಳು ಪುಷ್ಪಾ ಕೂಗಿದಳು. “ಅಯ್ಯೋ, ಏಡಕ್ಕ ಎಲ್ಲಿ?”

ಹಳೆಯ ಮುಳ್ಳಪ್ಪನ ಪುಟದ ಕೆಳಗಿನ ಮೂಲೆಯಲ್ಲಿ ಯಾವಾಗಲೂ ಒಂದು ಕಲ್ಲು, ಕಲ್ಲಿನ ಸಂದಿಯಲ್ಲಿ ಒಂದು ಏಡಿ ಇರುತ್ತಿತ್ತು. ಈಗ ಅಲ್ಲಿ ಬಿಸ್ಕೆಟ್ ಪೊಟ್ಟಣದ ಚಿತ್ರ.

“ಮುಳ್ಳಪ್ಪ ಹೊಟ್ಟೆ ಇಳಿಸ್ಕಂಡ್ರೆ ಇಳಿಸ್ಕಳ್ಲಿ,” ಎಂದಳು ಚೌಡಮ್ಮ ಮೊರ ಕುಕ್ಕಿ. “ಏಡಕ್ಕನ್ನ ಯಾಕೆ ತೆಗೆದ್ರು? ಇಡೀ ಕಥೆಗೆ ಬುದ್ಧಿ ಇದ್ದೋಳು ಅವಳೊಬ್ಬಳು!”

ಎಲ್ಲರೂ ಹೂಂಗುಟ್ಟಿದರು. ನಾನು ಮಾತ್ರ ಆರಿದ ಟೀಯನ್ನು ಊದುತ್ತಾ ಕುಳಿತೆ. ಯಾಕೆಂದರೆ ಗಿಲಕಿಯ ಏಡಿ ಹನ್ನೊಂದು ವರ್ಷದಲ್ಲಿ ಒಂದು ದಿನವೂ ಒಂದು ಮಾತೂ ಆಡಿರಲಿಲ್ಲ. ಆಡಿದ್ದೆಲ್ಲ ನಾನು.

ಆದದ್ದು ಹೀಗೆ. ನಾನು ಅಕ್ಷರ ಕಲಿತದ್ದು ಐವತ್ತೆರಡನೇ ವಯಸ್ಸಿನಲ್ಲಿ, ಮಹಾದೇವಯ್ಯ ಮೇಷ್ಟ್ರ ರಾತ್ರಿ ಶಾಲೆಯಲ್ಲಿ. ಕಲಿತ ಹೊಸದರಲ್ಲಿ ಜಂಬಕ್ಕೆ ಗಿಲಕಿ ತರಿಸಿ ಸ್ಟೋರಿನಲ್ಲಿ ಓದಲು ಕುಳಿತೆ. ಎರಡನೇ ಸಾಲಿಗೇ ಒತ್ತಕ್ಷರದ ಮೇಲೆ ಒತ್ತಕ್ಷರ ಹೊತ್ತ ಒಂದು ಪದ ಬಂದು ಅಡ್ಡ ನಿಂತಿತು. ಎಂಟು ಜನ ನನ್ನ ಬಾಯನ್ನೇ ನೋಡುತ್ತಿದ್ದಾರೆ. ಮೂಲೆಯಲ್ಲಿ ಆ ಏಡಿ ಕಂಡಿತು. “ಆಗ ಏಡಕ್ಕ ಅಂತಾಳೆ,” ಎಂದುಬಿಟ್ಟೆ, “ಸ್ವಲ್ಪ ತಡೀರಪ್ಪ, ನಂಗೆ ಎಂಟು ಕಾಲು, ಯಾವ್ದನ್ನ ಮುಂದೆ ಇಡ್ಬೇಕು ಅಂತ ಇನ್ನೂ ತೀರ್ಮಾನ ಆಗಿಲ್ಲ.” ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವರ ನಗು ನಿಲ್ಲುವ ಹೊತ್ತಿಗೆ ನಾನು ಆ ಪದವನ್ನು ಮನಸ್ಸಿನಲ್ಲೇ ಕೂಡಿಸಿಕೊಂಡಿದ್ದೆ.

ಆಮೇಲೆ ತೊಡಕು ಬಂದಾಗಲೆಲ್ಲ ಏಡಕ್ಕ ಮಾತಾಡಿದಳು. ವರ್ಷ ಕಳೆದಂತೆ ತೊಡಕು ಹೋಯಿತು, ಏಡಕ್ಕ ಹೋಗಲಿಲ್ಲ. ಅವಳು ಮಾತಾಡದಿದ್ದರೆ ಯಾರೂ ನನ್ನನ್ನು ಬಿಡುತ್ತಿರಲಿಲ್ಲ.

ಶನಿವಾರ ಹೇಮಶ್ರೀ ಬಂದಳು. ನಮ್ಮ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಯೋಗಾನಂದರ ಮಗಳು. ಚಿಕ್ಕಂದಿನಲ್ಲಿ ನನ್ನ ಮೊರದ ಪಕ್ಕದಲ್ಲೇ ಕುಳಿತು ಮುಳ್ಳಪ್ಪನನ್ನು ಕೇಳಿದವಳು. ಈಗ ಹಾಸನದಲ್ಲಿ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುತ್ತಾಳೆ. ಪರೀಕ್ಷೆಗೆ ಓದಿಕೊಳ್ಳಲು ರಜೆ ಕೊಟ್ಟಿದ್ದರು. ಪುಸ್ತಕದ ಚೀಲವನ್ನೂ ಇಳಿಸದೆ ನೇರವಾಗಿ ಕೂಲಿಯವರ ಮನೆಗಳ ಲೈನಿಗೆ, ನನ್ನ ಮನೆಗೆ ಬಂದಳು.

“ಅಜ್ಜಿ, ನೋಡಿದ್ರಾ ಮುಳ್ಳಪ್ಪನ್ನ? ನಮ್ಮ ಹಾಸ್ಟೆಲಲ್ಲಿ ಒಬ್ಬರೂ ಊಟ ಮಾಡಿಲ್ಲ!”

“ಅಷ್ಟು ಬೇಜಾರಾ ಮಗಾ?”

“ಬೇಜಾರೂ ಹೌದು, ಅವತ್ತು ಸಾರೂ ಚೆನ್ನಾಗಿರಲಿಲ್ಲ. ಅದಿರ್ಲಿ, ನಾವೆಲ್ಲ ಸೇರಿ ಹೊಸ ಯಜಮಾನ್ರಿಗೆ ಕಾಗದ ಬರೀತಿದೀವಿ. ಹಳೇ ಮುಳ್ಳಪ್ಪನ್ನ ವಾಪಸ್ ಕೊಡಿ ಅಂತ. ನಾನು ಏಡಕ್ಕನ್ನೂ ಸೇರಿಸ್ಬೇಕು ಅಂದೆ. ಅದಕ್ಕೆ ಆ ಮಾನಸ, ನನ್ನ ರೂಮಿನವಳು, ಏನಂದ್ಲು ಗೊತ್ತಾ? ಆ ಏಡಿ ಮಾತೇ ಆಡಲ್ಲ ಅಂದ್ಲು!”

ನಾನು ಒಲೆಯ ಬೂದಿ ಕೆದಕಿದೆ.

“ಉಳಿದವರೂ ಅವಳ ಕಡೆಗೇ ಸೇರ್ಕೊಂಡ್ರು. ಹಾಸ್ಟೆಲಿಗೆಲ್ಲ ಹುಚ್ಚಿ ನಾನೊಬ್ಳೇ. ಬಾಜಿ ಕಟ್ಟಿದೀನಿ ಅಜ್ಜಿ. ನಾನು ಸೋತ್ರೆ ಒಂದು ವಾರ ಎಲ್ಲರ ಸ್ನಾನದ ಬಿಸಿನೀರು ಮೂರನೇ ಮಹಡಿಗೆ ಹೊರಬೇಕು. ನಿಮ್ಮ ಪೆಟ್ಟಿಗೇಲಿ ಹಳೇ ಗಿಲಕಿ ಎಲ್ಲಾ ಇದಾವಲ್ಲ? ಗುರುವಾರ ಸ್ಟೋರಿಗೆ ತನ್ನಿ. ಏಡಕ್ಕನ ಒಳ್ಳೊಳ್ಳೆ ಮಾತು ಆರಿಸಿ ಕಾಗದಕ್ಕೆ ಹಾಕೋಣ. ಪತ್ರಿಕೆಗಳನ್ನ ಆ ಮಾನಸನ ಮುಖದ ಮುಂದೆ ಹಿಡೀತೀನಿ.”

ಅವಳು ಹೋದ ಮೇಲೆ ನಾನು ತಗಡಿನ ಪೆಟ್ಟಿಗೆ ತೆಗೆದು ಕುಳಿತೆ. ಗೆದ್ದಲು ತಿಂದಿತು ಎನ್ನಲೇ? ಪೆಟ್ಟಿಗೆ ತಗಡಿನದು. ಇಲಿ ಎನ್ನಲೇ? ಮುಚ್ಚಳಕ್ಕೆ ಬೀಗವಿದೆ. ನಾನೇ ಮಾಡಿದ ಜೋಪಾನ ನನಗೇ ಅಡ್ಡ ಬಂತು. ಓದುವವಳು ಎಂದು ಇಷ್ಟು ಜನ ನನ್ನನ್ನು ನಂಬಿದ್ದರು. ಆಸ್ಪತ್ರೆಯ ಚೀಟಿ, ಮಕ್ಕಳ ಕಾಗದ, ಎಲ್ಲ ನನ್ನ ಕೈಯಲ್ಲೇ ಓದಿಸುತ್ತಿದ್ದರು. ಇಲ್ಲದ ಮಾತನ್ನು ಓದುವವಳು ಎಂದು ತಿಳಿದ ಮೇಲೆ ಇನ್ನು ಯಾರು ತಂದುಕೊಡುತ್ತಾರೆ? ಐದು ದಿನ ಅದೇ ಯೋಚನೆ. ಬುಧವಾರ ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದೆ. ಕೊನೆಗೆ, ಹುಡುಗಿಯನ್ನು ಎಲ್ಲರ ಮುಂದೆ ಇನ್ನೊಂದು ಸಲ ಸುಳ್ಳಿ ಮಾಡುವುದಕ್ಕಿಂತ ನಾನೇ ಸುಳ್ಳಿ ಆಗುವುದು ಮೇಲು ಅನ್ನಿಸಿತು.

ಗುರುವಾರ ಪತ್ರಿಕೆಗಳ ಗಂಟು ಹೊತ್ತು ಸ್ಟೋರಿಗೆ ಹೋದೆ. ಟೀ ಬಂತು. ಹೇಮಶ್ರೀ ಪೆನ್ನು ಹಿಡಿದು ತಯಾರಾಗಿ ಕುಳಿತಳು.

“ಮೊದಲು ಆ ಕೋಳಿ ಮಾತು ಬರ್ಕೊಳೇ,” ಎಂದಳು ಚೌಡಮ್ಮ. “ಏಡಕ್ಕ ಅಂದಿದ್ಲಲ್ಲ, ಕಳೆದೋದ ಕೋಳಿ ಹುಡುಕ್ಬೇಕಾದ್ರೆ ಮೂಗು ಸಾಕು, ಸಾರಿನ ವಾಸನೆ ಯಾವ ಮನೆಯಿಂದ ಬರ್ತೈತೆ ನೋಡಿ ಅಂತ.”

“ತಡೀರಿ,” ಎಂದೆ. ಗಂಟು ಬಿಚ್ಚಿ ಒಂದು ಗಿಲಕಿಯನ್ನು ಹೇಮಶ್ರೀಯ ಕೈಗೆ ಕೊಟ್ಟೆ. “ಓದು ಮಗಾ. ಏಡಕ್ಕನ ಮಾತು ಎಲ್ಲೈತೆ ನೋಡು.”

ಅವಳು ಒಂದು ಪುಟ ನೋಡಿದಳು, ತಿರುಗಿಸಿದಳು. ಇನ್ನೊಂದು ಸಂಚಿಕೆ ಎತ್ತಿಕೊಂಡಳು, ಮತ್ತೊಂದು. ಕಡೆಗೆ ತಲೆ ಎತ್ತಿ ನನ್ನನ್ನು ನೋಡಿದಳು.

“ಇಲ್ಲ,” ಎಂದೆ. “ಯಾವುದರಲ್ಲೂ ಇಲ್ಲ. ನಾನೇ ಹೇಳ್ತಿದ್ದೆ. ಮೊದಮೊದಲು ಓದಕ್ಕೆ ಸರಿಯಾಗಿ ಬರ್ತಿರಲಿಲ್ಲ, ಅದಕ್ಕೆ. ಆಮೇಲೆ ನೀವು ನಗ್ತಿದ್ರಿ, ಅದಕ್ಕೆ. ತಪ್ಪಾಯ್ತು ಕಣ್ರವ್ವ.”

ನಾನು ನೆಲ ನೋಡುತ್ತಿದ್ದೆ. ಚೌಡಮ್ಮ ಟೀಯನ್ನು ಸೊರ್ರೆಂದು ಎಳೆದು ಲೋಟ ಕೆಳಗಿಟ್ಟಳು.

“ಇದನ್ನ ಹೇಳಕ್ಕೆ ಐದು ದಿನದಿಂದ ಮುಖ ಗಂಟು ಹಾಕ್ಕೊಂಡಿದ್ದಾ ದೇವೀರಕ್ಕ?”

“ನಿಂಗೆ ಗೊತ್ತಿತ್ತಾ?”

“ಅಲ್ಲ ಕಣಕ್ಕ, ಮಾತಾಡೋರ ಬಾಯಿ ಹತ್ರ ಒಂದು ಬಿಳೀ ಗುಳ್ಳೆ ಬರ್ದಿರ್ತಾರೆ. ಏಡಿ ಹತ್ರ ಒಂದು ದಿನಾನೂ ಗುಳ್ಳೆ ಇಲ್ಲ. ನಂಗೆ ಓದಕ್ಕೆ ಬರಲ್ಲ, ಕಣ್ಣೂ ಇಲ್ವಾ? ಸಾಲದ್ದಕ್ಕೆ, ಎಲ್ಲೋ ಕೂತು ಬರೆಯೋರಿಗೆ ನಮ್ಮನೆ ಕೋಳಿ ಮಂಗಳವಾರ ಕಳೆದೋಗಿದ್ದು ಹೆಂಗೆ ಗೊತ್ತಾಯ್ತದೆ? ಆ ಕೋಳಿ ಮಾತು ಕೇಳಿದ್ದಿನವೇ ತಿಳ್ಕಂಡೆ.”

“ನಂಗೆ ತೂಕದ ಮಿಷನ್ ವಿಷಯ ಬಂದಾಗ ಗೊತ್ತಾಯ್ತು,” ಎಂದಳು ಪುಷ್ಪಾ, ಹೇಮಶ್ರೀಯ ಕಡೆ ನೋಡದೆ. “ರೈಟರ್ ಬಂದ ಕೂಡ್ಲೇ ಮುಳ್ಳು ಕೆಳಗೆ ಇಳೀತದೆ ಅಂತ ಏಡಕ್ಕ ಅಂದಿದ್ಲು.”

“ಯಾಕೆ ಹೇಳಲಿಲ್ರೇ ಮತ್ತೆ?”

“ಹೇಳಿದ್ರೆ ನೀನು ನಿಲ್ಲಿಸ್ಬುಡ್ತಿದ್ದೆ,” ಎಂದಳು ಚೌಡಮ್ಮ.

ಎಲ್ಲರೂ ನಕ್ಕರು. ಹೇಮಶ್ರೀ ನಗಲಿಲ್ಲ. ಅವಳ ಕಣ್ಣು ತುಂಬಿತ್ತು. “ನಂಗೆ ಗೊತ್ತಿರಲಿಲ್ಲ,” ಎಂದಳು. “ಇಡೀ ಹಾಸ್ಟೆಲ್ ಜೊತೆ ಜಗಳ ಆಡ್ದೆ ಅಜ್ಜಿ. ಇಲ್ಲದೇ ಇರೋಳಿಗೋಸ್ಕರ.”

ಅವಳ ತಲೆ ಸವರಲು ಹೋದೆ, ಕೈ ಧೂಳಾಗಿತ್ತು.

ಚೌಡಮ್ಮನೇ ಕೇಳಿದಳು. “ಆ ಬಿಸ್ಕೆಟ್ನೋರು ಏನೇನು ಕೊಂಡ್ಕೊಂಡ್ರು ಹೇಳು ಮಗಾ?”

“ಪತ್ರಿಕೆ, ಮುಳ್ಳಪ್ಪ, ಚಿತ್ರ, ಎಲ್ಲ.”

“ಏಡಕ್ಕನ ಮಾತು?”

ಹೇಮಶ್ರೀ ಮೂಗು ಒರೆಸಿಕೊಂಡಳು. “ಅದು ಅವರ ಹತ್ರ ಇರಲೇ ಇಲ್ಲ.”

“ಮತ್ತೆ ಅವಳನ್ನ ಯಾರು ಮಾರಿದ್ರು? ಓದು ದೇವೀರಕ್ಕ, ಟೀ ಹೊತ್ತು ಮುಗೀತದೆ.”

ಹೊಸ ಗಿಲಕಿ ಬಿಡಿಸಿದೆ. ಮುಳ್ಳಪ್ಪ ಕನ್ನಡಕ ಹಾಕಿಕೊಂಡು ನರಿಗೆ ಬಿಸ್ಕೆಟ್ ಕೊಡುತ್ತಿದ್ದ. ಮೂಲೆಯಲ್ಲಿ ಅದೇ ಪೊಟ್ಟಣ. ಚೌಡಮ್ಮ ತನ್ನ ಮೊರದಿಂದ ಬೇಡದ ಒಂದು ಕರಿ ಬೀಜ ಆರಿಸಿ, ಧೂಳಿನ ಕೈಯಲ್ಲೇ, ನನ್ನ ಕಾನೂನು ಮುರಿದು, ಪುಟದ ಕೆಳಗಿನ ಮೂಲೆಯಲ್ಲಿ ಇಟ್ಟಳು.

“ಆಗ ಏಡಕ್ಕ ಅಂತಾಳೆ,” ಎಂದೆ. “ಬರೀ ಬಿಸ್ಕೆಟ್ ಹೆಂಗ್ರೋ ತಿಂತೀರ ಅಂತ ನಾನು ಕಾಫಿ ತರಕ್ಕೆ ಯಸಳೂರಿಗೆ ಹೋಗಿದ್ದೆ. ಬರೋದ್ರೊಳಗೆ ನನ್ನ ಕಲ್ಲನ್ನೇ ಎತ್ಕೊಂಡೋಗ್ಬುಟ್ರಲ್ಲೋ, ಕಳ್ ನನ್ ಮಕ್ಳಾ!”

ಎಲ್ಲರಿಗಿಂತ ಮೊದಲು ನಕ್ಕವಳು ಹೇಮಶ್ರೀ.

ಕಂಪನಿಗೆ ಕಾಗದ ಹೋಯಿತು, ಬರೀ ಮುಳ್ಳಪ್ಪನ ಹೊಟ್ಟೆಯ ವಿಷಯ ಬರೆದು. ಉತ್ತರವಾಗಿ ಒಂದು ಡಬ್ಬ ಬಿಸ್ಕೆಟ್ ಬಂತು. ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಹೇಮಶ್ರೀ ಆ ಕರಿ ಬೀಜವನ್ನು ಕಂಪಾಸ್ ಬಾಕ್ಸಿನಲ್ಲಿ ಹಾಕಿಕೊಂಡು ಹಾಸನಕ್ಕೆ ಹೋದಳು. ಹದಿನೈದು ದಿನಕ್ಕೆ ಅವಳ ಕಾರ್ಡು ಬಂತು. ಟೀ ಹೊತ್ತಿನಲ್ಲಿ ಎಲ್ಲರಿಗೂ ಓದಿದೆ.

“ಅಜ್ಜಿ, ಒಂದು ವಾರ ನೀರು ಹೊತ್ತು ಭುಜ ಬಿದ್ದುಹೋಗಿದೆ. ಈಗ ಗುರುವಾರ ನಮ್ಮ ರೂಮಿನಲ್ಲೂ ಓದುತ್ತೇವೆ. ಮೂಲೆಯಲ್ಲಿ ಬೀಜ ಇಡುವವಳು ಮಾನಸ. ಮೊನ್ನೆ ಏಡಕ್ಕ ನಮ್ಮ ವಾರ್ಡನ್ ಬಗ್ಗೆ ಒಂದು ಮಾತು ಹೇಳಿದಳು. ಕಾರ್ಡಿನಲ್ಲಿ ಬರೆಯುವಂತಿಲ್ಲ.”

“ಏನಂದ್ಲಂತೆ?” ಎಂದು ಎಂಟು ಜನರೂ ಒಟ್ಟಿಗೇ ಕೇಳಿದರು.

ಕಾರ್ಡು ಅಲ್ಲಿಗೇ ಮುಗಿದಿತ್ತು. ನಾನು ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಓದಿದೆ.