ಕೇಳಿಸದ ಅಕ್ಷರ

"ಹಾಗಾದ್ರೆ ನೀನು ಗಂಡಸಾಗಿ ಫೇಲಾದೆ ಅನ್ನು!"

ಬೀನ್ಸಿನ ನಾರು ತೆಗೆಯುತ್ತಿದ್ದ ಅತ್ತೆ ಬಿದ್ದು ಬಿದ್ದು ನಕ್ಕರು. ಸೊಸೆಗೂ ನಗು ಬಂತು, ಆದರೆ ಅರ್ಧಕ್ಕೇ ನಿಂತಿತು. ನಾಳೆ ಬೆಳಿಗ್ಗೆ ಮರುಪರೀಕ್ಷೆ. ಹೋಟೆಲಿನ ಲಾಂಡ್ರಿಯಲ್ಲಿ ಹಾಸಿಗೆಯ ಬಟ್ಟೆ ಒಗೆದು ಇಸ್ತ್ರಿ ಮಾಡುವವಳು ಅವಳು. ಫ್ರೆಂಚ್ ಪಾಸಾದರೆ ಮುಂಬಾಗಿಲ ಸ್ವಾಗತ ಕೌಂಟರಿನಲ್ಲಿ ಕೂರಿಸುತ್ತೇನೆಂದು ಮ್ಯಾನೇಜರು ಮಾತು ಕೊಟ್ಟಿದ್ದರು. ಹೋದ ಸಲ 'ನಾನು ಬಂದೆ', 'ನಾನು ಉಳಿದೆ' ಎಂದು ಬರೆಯುವಾಗ ಕೊನೆಯ 'e' ಅಕ್ಷರವನ್ನು ಎಲ್ಲ ಕಡೆಯೂ ನುಂಗಿ ನೀರು ಕುಡಿದುಬಿಟ್ಟಿದ್ದಳು. ಅದು ಇದ್ದರೆ ಬಂದವಳು ಹೆಂಗಸು, ಇಲ್ಲದಿದ್ದರೆ ಬಂದವನು ಗಂಡಸು.

"ಬಾಯಲ್ಲಿ ಹೇಳೋವಾಗ?"

"ಎರಡೂ ಒಂದೇ ಅತ್ತೆ. ಆ ಅಕ್ಷರ ಕೇಳಿಸೋದೇ ಇಲ್ಲ. ಅದಕ್ಕೇ ಮರೆತುಹೋಗುತ್ತೆ."

"ಓ, ನಿಮ್ಮ ಮಾವನ ಹಾಗೆ! ತುಟಿ ಪಿಟಕ್ ಅನ್ನಲ್ಲ, ಆದ್ರೆ ಹೊತ್ತಿಗೆ ಸರಿಯಾಗಿ ತಟ್ಟೆ ಮಾತ್ರ ಇಡ್ಲೇಬೇಕು. ಆ ಅಕ್ಷರ ಎಲ್ಲ ಮಾತಿಗೂ ಇಡ್ಬೇಕೇನೇ?"

"ಅದೇ ತಲೆನೋವು. ಬಂದೆ, ಹೋದೆ, ಉಳಿದೆ, ಬಿದ್ದೆ ಅನ್ನೋದಕ್ಕೆ ಬೇಕು. ಒಗೆದೆ, ಹೊಲಿದೆ, ಬೇಯಿಸಿದೆ ಅನ್ನೋದಕ್ಕೆ ಬೇಡ."

ಅತ್ತೆಯ ಕೈ ನಿಂತಿತು. "ಅಂದ್ರೆ ಬಿದ್ದೋಳು ಹೆಂಗಸು ಅಂತ ಊರಿಗೆಲ್ಲ ಗೊತ್ತಾಗ್ಬೇಕು, ದುಡಿದೋಳು ಯಾರಾದ್ರೇನು ಅಂತಾನಾ? ಭಲೇ ಭಾಷೆ ಕಣೇ!"

"ಗಂಡಸು ಒಗೆದ್ರೂ ಹಾಗೇ ಬರಿಯೋದು ಅತ್ತೆ."

"ಒಗೆದ್ರೆ ತಾನೇ!"

ಈ ಸಲ ಸೊಸೆಯ ನಗು ಅರ್ಧಕ್ಕೆ ನಿಲ್ಲಲಿಲ್ಲ. ಕಣ್ಣೊರೆಸಿಕೊಂಡು ಅಭ್ಯಾಸದ ಹಾಳೆ ಎಳೆದುಕೊಂಡಳು. 'ನಿನ್ನೆ ಏನು ಮಾಡಿದಿರಿ?' ಎಂಬುದು ಪ್ರಶ್ನೆ. 'ಬಟ್ಟೆ ಒಗೆದೆ' ಎಂದು ಬರೆದಳು. ದುಡಿಮೆಯ ಮಾತು, ಅಕ್ಷರ ಬೇಡ. ಆಮೇಲೆ 'ಮನೆಯಲ್ಲೇ ಉಳಿದೆ': 'je suis resté' ಎಂದು ಬರೆದು ಮುಂದಿನ ಸಾಲಿಗೆ ಹೋಗಿಯೇಬಿಟ್ಟಳು.

ಅಷ್ಟರಲ್ಲಿ ಮಾವ ಒಳಕೋಣೆಯಿಂದ ಬಂದು ಬಾಗಿಲಲ್ಲಿ ನಿಂತರು.

"ಬಂತು ನೋಡು ನಿನ್ನ ಅಕ್ಷರ," ಎಂದರು ಅತ್ತೆ. "ಎಲ್ಲಾ ಕೇಳಿಸ್ಕೊಂಡ್ರೇನು?"

ಮಾವ ನೆಟ್ಟಗೆ ಸಿಂಕಿನ ಹತ್ತಿರ ಹೋಗಿ, ಅಂಗಿಯ ತೋಳು ಮಡಚಿ, ನಲ್ಲಿ ತಿರುಗಿಸಿ, ಮಧ್ಯಾಹ್ನದ ತಟ್ಟೆಗಳನ್ನು ಒಂದೊಂದಾಗಿ ತೊಳೆಯತೊಡಗಿದರು.

ಸೊಸೆ ಹಿಂದಿನ ಸಾಲಿಗೆ ಮರಳಿ, 'resté' ಪಕ್ಕದಲ್ಲಿ ಬಿಟ್ಟುಹೋಗಿದ್ದ ಇನ್ನೊಂದು 'e' ಬರೆದಳು.